ಬೆನ್ನು ಬಿಗಿದುಕೊಂಡಾಗ

ಮನುಷ್ಯನು ತನ್ನ ಶರೀರದಲ್ಲಿ ಕಣ್ಣಾರೆ ಕಾಣಲಾರದ ಭಾಗವೆಂದರೆ ಬೆನ್ನು. ಮುಖಕ್ಕೆ ಕನ್ನಡಿ ಉಂಟು. ಹೊಟ್ಟೆಗೆ ಹೊತ್ತುಹೊತ್ತಿಗೆ ಉಪಚಾರ ಉಂಟು. ಬೆನ್ನಿನ ಯೋಗಕ್ಷೇಮವನ್ನು ಮಾತ್ರ ಅದು ಮುನಿಸಿಕೊಳ್ಳುವ ತನಕ ಯಾರೂ ವಿಚಾರಿಸುವುದಿಲ್ಲ. ನಾವೂ ವಿಚಾರಿಸಿರಲಿಲ್ಲ.

ನಾವು ಮುಂಬಯಿಯ ಒಂದು ಸರ್ಕಾರಿ ಕಛೇರಿಯಲ್ಲಿ ಗುಮಾಸ್ತರು, ಮನೆ ಡೊಂಬಿವಲಿಯಲ್ಲಿ. ದಿನಕ್ಕೆ ಏಳೆಂಟು ಗಂಟೆ ಕುರ್ಚಿ, ಅದರ ಹಿಂದೊಂದು ಮುಂದೊಂದು ಗಂಟೆಗೆ ಮೀರಿದ ಲೋಕಲ್ ಗಾಡಿಯ ಪಯಣ. ಮೂವರ ಬೆಂಚಿನ ತುದಿಗೆ ನಾಲ್ಕನೆಯವರಾಗಿ ಸೇರಿಕೊಂಡು, ಅರ್ಧ ಕುಳಿತು ಅರ್ಧ ಜೋತುಬಿದ್ದು ಬರುವ ‘ಚೌಥಿ ಸೀಟಿ’ನ ಸುಖ ನಮ್ಮ ವಾಚಕರಲ್ಲಿ ಬಹಳ ಮಂದಿಗೆ ಗೊತ್ತೇ ಇದೆ. ಹೀಗೆ ಹನ್ನೆರಡು ವರ್ಷ ನಡೆಯಿತು. ಕಳೆದ ಮಳೆಗಾಲದ ಒಂದು ಬೆಳಿಗ್ಗೆ, ಎದ್ದ ಕೂಡಲೆ, ಬಚ್ಚಲಲ್ಲಿ ನೀರು ತುಂಬಿದ ಬಕೆಟ್ಟನ್ನು ಎತ್ತಲೆಂದು ಬಗ್ಗಿದೆವು. ಬಕೆಟ್ಟು ಏಳಲಿಲ್ಲ; ನಾವೂ ಏಳಲಿಲ್ಲ. ಬಗ್ಗಿದವರು ಬಗ್ಗಿದ ಹಾಗೆಯೇ ಗೋಡೆ ಹಿಡಿದು ನಿಂತೆವು.

ಆಗ ನಮ್ಮ ತಾಯಿಯವರು ಧಾರವಾಡದಿಂದ ಬಂದಿದ್ದರು. ಬಾಗಿಲಲ್ಲಿ ನಿಂತು ಒಮ್ಮೆ ನೋಡಿದರು. “ಟೊಂಕ ಹಿಡದದ. ಇನ್ನ ಹಾಸಿಗಿ ಬಿಟ್ಟು ಏಳಬ್ಯಾಡ. ನಿಮ್ಮಪ್ಪಗೂ ಹಿಂಗ ಆಗಿತ್ತು,” ಎಂದರು.

ಆ ಕಡೆಯ ಮಾತಿಗೆ ನಮ್ಮ ಎದೆ ನೋವಿಗಿಂತ ಹೆಚ್ಚಾಗಿ ನಡುಗಿತು. ನಮ್ಮ ತಂದೆಯವರು ಶಾಲಾ ಮಾಸ್ತರರಾಗಿದ್ದರು. 1998ರಲ್ಲಿ ಅವರ ಬೆನ್ನು ಹೀಗೆಯೇ ಹಿಡಿದುಕೊಂಡಿತು. ‘ಹಲಗೆಯ ಮೇಲೆ ಮಲಗಿ, ಅಲುಗಾಡಬೇಡಿ’ ಎಂಬುದೇ ಆಗ ಬಹಳ ಕಡೆ ಸಿಗುತ್ತಿದ್ದ ಸಲಹೆ. ಅವರು ಆರು ವಾರ ನಿಷ್ಠೆಯಿಂದ ಮಲಗಿದರು. ಎದ್ದಾಗ ನೋವು ಕಡಿಮೆಯಾಗಿತ್ತು ನಿಜ. ಆದರೆ ಕಾಲಿನ ಕಸುವೂ, ಬಗ್ಗುವ ಧೈರ್ಯವೂ ಜೊತೆಗೇ ಹೋಗಿದ್ದವು. ಸೈಕಲನ್ನು ಅವರು ಮತ್ತೆ ಹತ್ತಲಿಲ್ಲ. ಅಲ್ಲಿ ನೀರು ಸೇದಲು ಚಿಕ್ಕಪ್ಪ, ಸಂತೆಗೆ ಅತ್ತೆಯ ಮಕ್ಕಳು, ಎದ್ದು ಕೂರಿಸಲು ನೆರೆಯವರು ಇದ್ದರು. ಇಲ್ಲಿ ನಮ್ಮದು ಮೂರನೆಯ ಮಾಳಿಗೆ, ಲಿಫ್ಟಿಲ್ಲದ ಕಟ್ಟಡ, ನಾಲ್ಕು ವರ್ಷದ ಹುಡುಗ. ಊರು ಬಿಟ್ಟು ಬಂದವರ ಮನೆಯಲ್ಲಿ ಒಂದು ಬೆನ್ನು ಮಲಗಿದರೆ ಮನೆಯೇ ಮಲಗಿದಂತೆ.

ಒಂದು ದಿನ ಮಲಗಿ, ಎರಡನೆಯ ದಿನ ವೈದ್ಯರಲ್ಲಿಗೆ ಹೋದೆವು. ಅವರು ಪರೀಕ್ಷಿಸಿ, ಮೂಳೆ ನರಗಳ ದೋಷವಿಲ್ಲ, ಸ್ನಾಯುಗಳು ಬಿಗಿದಿವೆ ಎಂದು ಹೇಳಿ ಒಬ್ಬ ಫಿಜಿಯೋಥೆರಪಿಸ್ಟರ ಬಳಿ ಕಳಿಸಿದರು. ಮರಾಠಿ ತರುಣಿ, ನಮ್ಮ ಕಛೇರಿಗೆ ಹೊಸದಾಗಿ ಸೇರುವ ಹುಡುಗಿಯರ ವಯಸ್ಸು. ನಮ್ಮ ತಾಯಿಯವರ ಸಲಹೆಯನ್ನು ಕೇಳಿ ಆಕೆ ನಕ್ಕು, “ಅಜ್ಜಿಯವರು ಹೇಳಿದ್ದು ಆ ಕಾಲದ ವೈದ್ಯ. ನೀವು ಇವತ್ತು ಮನೆಗೆ ನಡೆದುಕೊಂಡೇ ಹೋಗಿ,” ಎಂದರು.

ನಮ್ಮ ಬಿ.ಎ. ಪದವಿಯಲ್ಲಿ ವೈದ್ಯಶಾಸ್ತ್ರದ ಗಂಧವಿಲ್ಲ. ಆದರೆ ಕಡತ ನೋಡಿ ನೋಡಿ ಆಧಾರ ಕೇಳುವ ಚಟ ಬಂದಿದೆ. ಆಕೆ ಹೇಳಿದ್ದನ್ನೂ, ಬಳಿಕ ಲೋಕಲ್ ಗಾಡಿಯಲ್ಲಿ ಮೊಬೈಲಿನಲ್ಲಿ ಹುಡುಕಿ ಓದಿದ್ದನ್ನೂ ಇಲ್ಲಿ ವಾಚಕರ ಮುಂದಿಡುತ್ತೇವೆ. ಕುಳಿತು ದುಡಿಯುವ ನಮ್ಮ ಬಂಧುಗಳಿಗೆ ಉಪಯೋಗವಾದೀತು.

ಬಿಗಿತವೆಂದರೇನು?

ಬೆನ್ನುಮೂಳೆ ಒಂದೇ ಕಂಬವಲ್ಲ. ಒಂದರ ಮೇಲೊಂದು ಪೇರಿಸಿದ ಬಿಡಿ ಮೂಳೆಗಳ ಸಾಲು. ಅವುಗಳ ನಡುವೆ ನೀರು ಹೀರಿ ಉಬ್ಬುವ ಮೆತ್ತೆಗಳು, ಅಂದರೆ ಡಿಸ್ಕುಗಳು, ಇವೆ. ಈ ಸಾಲಿನ ಎರಡು ಪಕ್ಕಕ್ಕೂ ಹಗ್ಗದಂತೆ ಉದ್ದುದ್ದ ಸ್ನಾಯುಗಳು. ಅವುಗಳ ಅಡಿಯಲ್ಲಿ ಮೂಳೆಯಿಂದ ಮೂಳೆಗೆ ಹೊಲಿದಂಥ ಗಿಡ್ಡ ಸ್ನಾಯುಗಳು. ಎಲ್ಲದರ ಮೇಲೆ ಸೊಂಟದ ಭಾಗದಲ್ಲಿ ಫ್ಯಾಸಿಯಾ ಎಂಬ ದಪ್ಪ ಪೊರೆಯ ಹೊದಿಕೆ. ಆ ಪೊರೆಯ ಪದರಗಳು ಒಂದರ ಮೇಲೊಂದು ಜಾರಬೇಕು. 2011ರಲ್ಲಿ ಅಮೆರಿಕದ ವಿಜ್ಞಾನಿಗಳು ಧ್ವನಿತರಂಗದ ಯಂತ್ರವಿಟ್ಟು ನೋಡಿದಾಗ, ಬಹುಕಾಲದಿಂದ ಸೊಂಟನೋವಿದ್ದವರಲ್ಲಿ ಈ ಜಾರುವಿಕೆ ಇತರರಿಗಿಂತ ಸುಮಾರು 20 ಪ್ರತಿಶತ ಕಡಿಮೆಯಿತ್ತು.

ಕೂತ ಹೊತ್ತಿಗೂ ಬಿಗಿತಕ್ಕೂ ನಂಟುಂಟು. 2005ರಲ್ಲಿ ಕೆನಡಾದಲ್ಲಿ ಕೆಲವರನ್ನು ಎರಡು ಗಂಟೆ ಕೂರಿಸಿ, ಅವರ ಸೊಂಟ ಬಾಗಲು ಎಷ್ಟು ಪ್ರತಿರೋಧ ಒಡ್ಡುತ್ತದೆಂದು ಅಳೆದರು. ಗಂಡಸರಲ್ಲಿ ಒಂದು ಗಂಟೆ ಕೂತ ಮಾತ್ರಕ್ಕೇ ಬಿಗಿತ ಏರಿತ್ತು. ನಮ್ಮ ಲೋಕಲ್ ಗಾಡಿಯಲ್ಲಿ ಒಂದು ಗಂಟೆ ಕಳೆದಾಗ ನಾವಿನ್ನೂ ಕಛೇರಿಯ ಕುರ್ಚಿಯನ್ನು ಮುಟ್ಟಿರುವುದೇ ಇಲ್ಲ!

ಬೆಳಗಿನ ಬಿಗಿತದ ಕಾರಣ ಬೇರೆ. ರಾತ್ರಿ ಮಲಗಿದಾಗ ಭಾರವಿಲ್ಲದೆ ಮೆತ್ತೆಗಳು ನೀರು ಹೀರಿ ಉಬ್ಬುತ್ತವೆ. ಬೆಳಿಗ್ಗೆ ಏಳುವಾಗ ನಾವು ರಾತ್ರಿಗಿಂತ ಒಂದೆರಡು ಸೆಂಟಿಮೀಟರ್ ಎತ್ತರವಾಗಿರುತ್ತೇವೆ. ಈ ಎತ್ತರದ ಬಹುಭಾಗ ಎದ್ದ ಮೊದಲ ಗಂಟೆಯಲ್ಲೇ ಇಳಿದುಹೋಗುತ್ತದೆ. ಉಬ್ಬಿದ ಮೆತ್ತೆಯನ್ನು ಬಗ್ಗಿಸಿದರೆ ಅದರ ಮೇಲೆ ಒತ್ತಡ ಹೆಚ್ಚು. ಬೆಳಗಿನ ಹೊತ್ತು ಸೊಂಟ ಬಗ್ಗಿಸುವುದನ್ನು ಕಡಿಮೆ ಮಾಡಿದವರಿಗೆ ನೋವಿನ ದಿನಗಳೂ ಕಡಿಮೆಯಾದುದನ್ನು 1998ರಲ್ಲಿ ಪ್ರಕಟವಾದ ಒಂದು ಪ್ರಯೋಗ ತೋರಿಸಿತು. ಎದ್ದ ಕೂಡಲೆ ಬಕೆಟ್ಟಿಗೆ ಬಗ್ಗಿದ ನಮ್ಮ ಜಾಣತನಕ್ಕೆ ಬೇರೆ ಸರ್ಟಿಫಿಕೇಟು ಬೇಕಿಲ್ಲ.

ಎಲ್ಲಕ್ಕಿಂತ ನಮಗೆ ಸೋಜಿಗವೆನಿಸಿದ್ದು 2017ರಲ್ಲಿ ಆಸ್ಟ್ರೇಲಿಯದಿಂದ ಬಂದ ವರದಿ. ‘ನನ್ನ ಬೆನ್ನು ಬಿಗಿದಿದೆ’ ಎನ್ನುವವರ ಬೆನ್ನನ್ನೂ, ಹಾಗೆನ್ನದವರ ಬೆನ್ನನ್ನೂ ಯಂತ್ರದಿಂದ ಒತ್ತಿ ಅಳೆದರೆ ಬಿಗಿತದಲ್ಲಿ ಭೇದ ಸಿಗಲಿಲ್ಲ. ಆದರೆ ಬಿಗಿತವಿದೆಯೆಂದವರು ಒತ್ತಿದ ಬಲವನ್ನು ಇದ್ದದ್ದಕ್ಕಿಂತ ಹೆಚ್ಚೆಂದು ಅಂದಾಜು ಮಾಡಿದರು. ಒತ್ತುವಾಗ ಕಿವಿಗೆ ಬೀಳುವ ಸದ್ದನ್ನು ಬದಲಿಸಿದರೆ ಆ ಅಂದಾಜೂ ಬದಲಾಯಿತು! ಅಂದರೆ ಬಿಗಿತವೆಂಬುದು ಸುಳ್ಳೆಂದಲ್ಲ. ಒಮ್ಮೆ ಪೆಟ್ಟು ತಿಂದ ಬೆನ್ನನ್ನು ಮೆದುಳು ಕಾವಲುಗಾರನಂತೆ ಬಿಗಿಹಿಡಿದು, ಸಣ್ಣ ಸಪ್ಪಳಕ್ಕೂ ‘ಯಾರದು?’ ಎಂದು ಕೂಗುತ್ತಿರುತ್ತದೆ. ಆದ್ದರಿಂದ ಚಿಕಿತ್ಸೆಯೆಂದರೆ ಸ್ನಾಯುವನ್ನು ಸಡಿಲಿಸುವುದಷ್ಟೇ ಅಲ್ಲ. ಈ ಕಾವಲುಗಾರನಿಗೆ ನಂಬಿಕೆ ಬರಿಸುವುದೂ ಹೌದು.

ಉರುಳೆಯ ವಿಚಾರ

ಮೂರನೆಯ ವಾರ ಆ ತರುಣಿ ಮೂಲೆಯಿಂದ ಒಂದು ವಸ್ತುವನ್ನು ಉರುಳಿಸಿಕೊಂಡು ಬಂದರು. ಫೋಮ್ ರೋಲರ್ ಎಂದು ಅದರ ಹೆಸರು: ಗಟ್ಟಿ ಫೋಮಿನ ಉರುಳೆ, ಒಂದೂವರೆ ಅಡಿ ಉದ್ದ, ಆರು ಅಂಗುಲ ದಪ್ಪ. ನಾವೂ ಒಂದನ್ನು ಕೊಂಡು ಮನೆಗೆ ತಂದಾಗ ನಮ್ಮ ತಾಯಿಯವರು ಅದನ್ನು ತಿರುಗಿಸಿ ನೋಡಿ, “ಇದ್ಯಾವ ಊರ ಲಟ್ಟಣಿಗಿಯೋ! ಇದರಾಗ ಎಷ್ಟು ದೊಡ್ಡ ಚಪಾತಿ ಲಟ್ಟಿಸ್ತಾರ?” ಎಂದು ಕೇಳಿದರು. ಚಪಾತಿಯ ಬದಲು ನಾವೇ ಅದರ ಮೇಲೆ ಮಲಗಿ ಉರುಳುವುದೆಂದು ತಿಳಿದು, “ಅಷ್ಟಕ್ಕ ರೊಕ್ಕ ಕೊಟ್ಟಿ? ನಿನ್ನ ಮಗನ್ನ ಬೆನ್ನ ಮ್ಯಾಲ ನಿಲ್ಲಿಸಿದ್ರ ಆಗ್ತಿದ್ದಿಲ್ಲ?” ಎಂದರು.

ಆ ಮಾತು ಹಾಸ್ಯವಾದರೂ ಅದರಲ್ಲಿ ತಥ್ಯವುಂಟು. ನಮ್ಮ ಕಡೆ ಹೊಲದಿಂದ ಬಂದ ಹಿರಿಯರು ಬೋರಲು ಮಲಗಿ, ಮನೆಯ ಹುಡುಗರಿಂದ ಬೆನ್ನು ತುಳಿಸಿಕೊಳ್ಳುವ ರೂಢಿ ಹಿಂದಿನಿಂದ ಬಂದದ್ದು. ನಾವೂ ಗೋಡೆ ಹಿಡಿದುಕೊಂಡು ಅಜ್ಜನ ಬೆನ್ನು ತುಳಿದವರೇ. ಕೂಲಿ ಒಂದು ಉಂಡೆ ಬೆಲ್ಲ. ಉರುಳೆಯೂ ಅದೇ ಕೆಲಸ ಮಾಡುತ್ತದೆ. ದಣಿಯುವುದಿಲ್ಲ, ಬೆಲ್ಲ ಕೇಳುವುದಿಲ್ಲ, ಅಷ್ಟೆ.

ಅದರಿಂದ ಆಗುವುದಾದರೂ ಏನು? ‘ಗಂಟುಗಳು ಒಡೆಯುತ್ತವೆ, ಪೊರೆ ಹಿಗ್ಗುತ್ತದೆ’ ಎಂದು ಮಾರುವವರು ಹೇಳುತ್ತಾರೆ. 2008ರಲ್ಲಿ ಪ್ರಕಟವಾದ ಒಂದು ಲೆಕ್ಕಾಚಾರ ಬೇರೆ ಮಾತು ಹೇಳಿತು: ತೊಡೆಯ ಪಕ್ಕದ ಮತ್ತು ಅಂಗಾಲಿನ ಗಟ್ಟಿ ಪೊರೆಯನ್ನು ಒಂದೇ ಒಂದು ಪ್ರತಿಶತ ಅದುಮಬೇಕಾದರೂ ಮನುಷ್ಯ ಶರೀರ ತಾಳಲಾರದಷ್ಟು ಬಲ ಬೇಕು. ಅಂದ ಮೇಲೆ ಉರುಳೆ ಪೊರೆಯನ್ನು ಹಿಟ್ಟಿನಂತೆ ಲಟ್ಟಿಸುತ್ತದೆಂಬುದು ನಂಬುವ ಮಾತಲ್ಲ.

ಆದರೂ ಉರುಳಿದ ಮೇಲೆ ಹಗುರವೆನಿಸುವುದು ಸುಳ್ಳಲ್ಲ. 2013ರಲ್ಲಿ ಕೆನಡಾದಲ್ಲಿ 11 ತರುಣರು ತೊಡೆಯ ಮುಂಭಾಗವನ್ನು ಒಂದೊಂದು ನಿಮಿಷದಂತೆ ಎರಡು ಸಲ ಉರುಳೆಯ ಮೇಲೆ ತಿಕ್ಕಿದರು. ಎರಡು ನಿಮಿಷ ಕಳೆದು ನೋಡಿದಾಗ ಅವರ ಮೊಣಕಾಲು ಸುಮಾರು 10 ಡಿಗ್ರಿ ಹೆಚ್ಚು ಮಡಚಿತು. ಹತ್ತು ನಿಮಿಷದ ಮೇಲೆ 8 ಡಿಗ್ರಿ. ಸ್ನಾಯುವಿನ ಬಲ ಕುಗ್ಗಲಿಲ್ಲ. 2015ರ ಇನ್ನೊಂದು ಪ್ರಯೋಗ ಇನ್ನೂ ಸ್ವಾರಸ್ಯದ್ದು: ಒಂದು ಕಾಲಿನ ಮೀನಖಂಡವನ್ನು ಉರುಳೆಯಿಂದ ತಿಕ್ಕಿದರೆ ಇನ್ನೊಂದು ಕಾಲಿನ ನೋಯುವ ಜಾಗವೂ ಹೆಚ್ಚು ಒತ್ತಡ ತಾಳಿತು. ಮುಟ್ಟದ ಕಾಲಿಗೆ ಗುಣ ಹೇಗೆ ಬಂತು? ಬದಲಾವಣೆ ಬರಿಯ ಸ್ನಾಯುವಿನದಲ್ಲ, ನರಮಂಡಲದ್ದೂ ಹೌದು ಎಂದಾಯಿತು. ನಾವು ಹೇಳಿದ ಕಾವಲುಗಾರನೇ ಅಲ್ಲಿ ತುಸು ಕಣ್ಣು ಮುಚ್ಚುತ್ತಾನೆ.

ಒಂದು ಸಲದ ಫಲ ಮಾತ್ರ ಬಹಳ ಹೊತ್ತು ನಿಲ್ಲುವುದಿಲ್ಲ. ನಾಲ್ಕು ವಾರಕ್ಕೂ ಹೆಚ್ಚು ಕಾಲ ತಪ್ಪದೆ ಮಾಡಿದರೆ ಕೀಲುಗಳ ಸಡಿಲಿಕೆ ಉಳಿದುಕೊಳ್ಳುವುದುಂಟೆಂದು 2022ರಲ್ಲಿ ಹಲವು ಪ್ರಯೋಗಗಳನ್ನು ಕೂಡಿಸಿ ನೋಡಿದವರು ಕಂಡುಕೊಂಡರು. ನಮ್ಮ ಚಿಕಿತ್ಸಕಿಯವರು ಒಂದೇ ಮಾತಿನಲ್ಲಿ ಹೇಳಿದರು: “ಇದು ಬಾಗಿಲು ತೆರೆಯುತ್ತದೆ. ಒಳಗೆ ನಡೆದು ಹೋಗಬೇಕಾದವರು ನೀವು.”

ಮಾಡುವ ಕ್ರಮವನ್ನೂ ಹೇಳಿಬಿಡುತ್ತೇವೆ. ಚಾಪೆಯ ಮೇಲೆ ಕುಳಿತು, ಉರುಳೆಯನ್ನು ಹೆಗಲೆಲುಬುಗಳ ಕೆಳಗೆ ಅಡ್ಡಲಾಗಿ ಇಟ್ಟು ಒರಗಬೇಕು. ಮೊಣಕಾಲು ಮಡಚಿರಲಿ, ಕೈಗಳು ತಲೆಯ ಹಿಂದೆ ಆಸರೆಗಿರಲಿ. ಪಾದ ಊರಿ, ಕುಂಡೆಯನ್ನು ತುಸು ಎತ್ತಿ, ಹೆಗಲಿನಿಂದ ಪಕ್ಕೆಲುಬು ಮುಗಿಯುವ ತನಕ ಮೆಲ್ಲಗೆ ಹಿಂದು ಮುಂದು ಸರಿಯಬೇಕು. ಒಂದು ನಿಮಿಷ ಸಾಕು, ಉಸಿರು ಕಟ್ಟಬಾರದು. ಸೊಂಟದ ಮೇಲೆ ನೇರವಾಗಿ ಉರುಳಬಾರದು. ಅಲ್ಲಿ ಪಕ್ಕೆಲುಬುಗಳ ಆಸರೆಯಿಲ್ಲ, ಬೆನ್ನು ಹಿಂದಕ್ಕೆ ಬಿಲ್ಲಿನಂತೆ ಬಾಗಿ ನೋವೇ ಹೆಚ್ಚೀತು. ಸೊಂಟ ಬಿಗಿದವರು ಕುಂಡೆಯನ್ನೂ ತೊಡೆಗಳನ್ನೂ ಉರುಳಿಸಿಕೊಳ್ಳುವುದು ಮೇಲು. ಮೂಳೆ ಸವೆದ ವೃದ್ಧರು, ಗರ್ಭಿಣಿಯರು, ರಕ್ತ ತೆಳುವಾಗಿಸುವ ಮದ್ದು ಸೇವಿಸುವವರು ವೈದ್ಯರನ್ನು ಕೇಳದೆ ಇದಕ್ಕೆ ಕೈ ಹಾಕಬಾರದು.

ನಡೆದವರ ಬೆನ್ನು

ಇನ್ನು ವ್ಯಾಯಾಮದ ಮಾತು. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ನಗರಸಭೆಯ 186 ಮಂದಿ ನೌಕರರ ಮೇಲೆ ನಡೆದ ಪ್ರಯೋಗ ಪ್ರಕಟವಾಯಿತು. ನಮ್ಮ ಹಾಗೆಯೇ ಬೆನ್ನು ಹಿಡಿದು ಬಂದವರು. ಕೆಲವರಿಗೆ ಎರಡು ದಿನ ಹಾಸಿಗೆ. ಕೆಲವರಿಗೆ ಆಗಿಂದಾಗಲೇ ಬೆನ್ನಿನ ವ್ಯಾಯಾಮ. ಉಳಿದವರಿಗೆ ‘ನೋವು ತಾಳುವಷ್ಟು ನಿಮ್ಮ ನಿತ್ಯದ ಕೆಲಸ ಮಾಡಿಕೊಂಡಿರಿ’ ಎಂಬ ಮಾತು. ಬೇಗ ಚೇತರಿಸಿಕೊಂಡವರು ಕಡೆಯವರು. ಎಲ್ಲರಿಗಿಂತ ನಿಧಾನವಾದದ್ದು ಮಲಗಿದವರಿಗೆ. ಹೊಸ ನೋವಿನ ದಿನಗಳಲ್ಲಿ ಓಡಾಟ, ನೋವು ಇಳಿದ ಮೇಲೆ ವ್ಯಾಯಾಮ — ಇದೇ ಸರಿಯಾದ ಕ್ರಮವೆಂದು ನಾವು ತಿಳಿದೆವು.

ಇದನ್ನು ಒಂದು ಸಂಜೆ ನಮ್ಮ ತಾಯಿಯವರಿಗೆ ಓದಿ ಹೇಳಿದೆವು. ಅವರು ಯಾವ ವರ್ಷದ್ದೆಂದು ಕೇಳಿದರು. 1995 ಎಂದೆವು. ಸ್ವಲ್ಪ ಹೊತ್ತು ಅಕ್ಕಿ ಆರಿಸುತ್ತ ಕೂತಿದ್ದು, “ನಿಮ್ಮಪ್ಪ ಮಲಗೋಕಿಂತ ಮೂರು ವರ್ಷ ಮೊದಲ,” ಎಂದರು. ಮರುದಿನದಿಂದ ನಮ್ಮನ್ನು ಮಲಗೆಂದು ಹೇಳಲಿಲ್ಲ.

ನಡಿಗೆಯ ಬಗ್ಗೆ ಇತ್ತೀಚಿನ ದೊಡ್ಡ ಪ್ರಮಾಣ 2024ರದು, ಆಸ್ಟ್ರೇಲಿಯದ್ದು. ಸೊಂಟನೋವಿನಿಂದ ಆಗಷ್ಟೇ ಗುಣವಾಗಿದ್ದ 701 ಜನರನ್ನು ಎರಡು ಪಂಗಡ ಮಾಡಿದರು. ಒಂದು ಪಂಗಡಕ್ಕೆ ಫಿಜಿಯೋಥೆರಪಿಸ್ಟರ ಸಲಹೆಯೊಡನೆ ನಡಿಗೆ, ಮೆಲ್ಲಮೆಲ್ಲನೆ ಏರಿಸಿ ವಾರಕ್ಕೆ ಐದು ದಿನ ಅರ್ಧ ಗಂಟೆಯ ಗುರಿ. ಇನ್ನೊಂದಕ್ಕೆ ಏನೂ ಇಲ್ಲ. ಕೆಲಸ ನಿಲ್ಲಿಸುವಂಥ ನೋವು ಮರುಕಳಿಸಲು ಸುಮ್ಮನಿದ್ದವರಿಗೆ ಹಿಡಿದ ಮಧ್ಯಮ ಕಾಲ 112 ದಿನ. ನಡೆದವರಿಗೆ 208 ದಿನ. ಯೋಗದ ವಿಚಾರ ಕೇಳುವವರಿಗೆ: 2017ರಲ್ಲಿ ಅಮೆರಿಕದಲ್ಲಿ 320 ಜನರಲ್ಲಿ ಹೋಲಿಸಿದಾಗ, ಬಹುದಿನದ ಸೊಂಟನೋವಿಗೆ ಯೋಗ ತರಗತಿಯು ಫಿಜಿಯೋಥೆರಪಿಗಿಂತ ಕಡಿಮೆಯಾಗಲಿಲ್ಲ. ಯಾವುದನ್ನು ಮಾಡುತ್ತೀರಿ ಎನ್ನುವುದಕ್ಕಿಂತ ಬಿಡದೆ ಮಾಡುತ್ತೀರಾ ಎನ್ನುವುದೇ ಹೆಚ್ಚಿನದು.

ನಮಗೆ ಹೇಳಿಕೊಟ್ಟದ್ದು ಮೂರು. ಮೊದಲನೆಯದು, ಅಂಗೈ ಮೊಣಕಾಲು ಊರಿ ಬೆಕ್ಕಿನಂತೆ ಬೆನ್ನನ್ನು ಮೇಲೆತ್ತಿ ಕೆಳಗಿಳಿಸುವುದು. ಎರಡನೆಯದು, ಅಂಗಾತ ಮಲಗಿ ಮೊಣಕಾಲು ಮಡಚಿ ಕುಂಡೆಯನ್ನು ಎತ್ತಿ ಹಿಡಿಯುವುದು. ಮೂರನೆಯದು, ಬೆಕ್ಕಿನ ಭಂಗಿಯಲ್ಲೇ ಒಂದು ಕೈಯನ್ನೂ ಎದುರು ಬದಿಯ ಕಾಲನ್ನೂ ನೇರ ಚಾಚಿ ಐದಾರು ಎಣಿಸುವುದು. ಉರುಳೆ ಐದು ನಿಮಿಷ, ಇವು ಹತ್ತು ನಿಮಿಷ, ನಡಿಗೆ ಅರ್ಧ ಗಂಟೆ. ಎದ್ದ ಕೂಡಲೆ ಬೇಡ. ಒಂದು ಗಂಟೆ ಕಳೆದ ಮೇಲೆ ಅಥವಾ ಸಂಜೆ.

ಇನ್ನೊಂದು ಬೆನ್ನು

ಎರಡು ತಿಂಗಳಲ್ಲಿ ನಾವು ಬಕೆಟ್ಟು ಎತ್ತಿದೆವು. ಕಛೇರಿಯಲ್ಲಿ ನಾಲ್ಕು ಜನಕ್ಕೆ ಉಪದೇಶ ಮಾಡಿದೆವು. ಸಂಜೆ ಚಾಪೆ ಹಾಸಿಕೊಂಡು ಉರುಳುವುದು, ಆಮೇಲೆ ನಡೆಯಲು ಹೋಗುವುದು. ಮನೆಯಲ್ಲಿ ಯಾರೂ ಅಡ್ಡಿ ಮಾಡಲಿಲ್ಲ. ನಮ್ಮ ತಾಯಿಯವರು ಊರಿಗೆ ಮರಳಿದರು.

ಒಂದು ರಾತ್ರಿ ಹನ್ನೊಂದಕ್ಕೆ ನೀರು ಕುಡಿಯಲು ಎದ್ದಾಗ ಅಡಿಗೆಮನೆಯಲ್ಲಿ ದೀಪವಿತ್ತು. ನಮ್ಮ ಶ್ರೀಮತಿಯವರು ಗೋಡೆಗೂ ಬೆನ್ನಿಗೂ ನಡುವೆ ಆ ಉರುಳೆಯನ್ನು ಸಿಕ್ಕಿಸಿಕೊಂಡು, ಕಣ್ಣು ಮುಚ್ಚಿ ಮೇಲೆ ಕೆಳಗೆ ಸರಿಯುತ್ತಿದ್ದರು. ಅವರು ಶಾಲೆಯಲ್ಲಿ ಶಿಕ್ಷಕಿಯರು. ಹಗಲೆಲ್ಲ ನಿಂತ ಕೆಲಸ. ಬೆಳಿಗ್ಗೆ ಐದಕ್ಕೆ ಎದ್ದು ಮೂರು ಡಬ್ಬಿ ಕಟ್ಟಬೇಕು. ಹುಡುಗನನ್ನು ಎತ್ತಿಕೊಂಡು ಮೂರು ಮಾಳಿಗೆ ಹತ್ತುವವರೂ ಅವರೇ.

“ನಿನಗೆ ಯಾವಾಗಿನಿಂದ?” ಎಂದೆವು.

“ಇವ ಹುಟ್ಟಿದಾಗಿಂದ.”

“ಹೇಳಲಿಲ್ಲವಲ್ಲ!”

“ಹೇಳಿದ್ದೆನಲ್ರೀ. ನೀವು ಬಾಮ್ ತಂದು ಕೊಟ್ರಿ.”

ಹೌದು, ತಂದುಕೊಟ್ಟಿದ್ದೆವು. ನೆನಪಾಯಿತು. ನಮ್ಮ ಬೆನ್ನಿಗೆ ವೈದ್ಯರು, ಚಿಕಿತ್ಸಕಿ, ಉರುಳೆ, ಆಸ್ಟ್ರೇಲಿಯ, ಫಿನ್ಲೆಂಡ್; ಅವರ ಬೆನ್ನಿಗೆ ಒಂದು ಡಬ್ಬಿ ಬಾಮ್.

ಮರುದಿನ ಉಪದೇಶ ಆರಂಭಿಸಿದೆವು: ಉರುಳೆ ಐದು ನಿಮಿಷ, ವ್ಯಾಯಾಮ ಹತ್ತು ನಿಮಿಷ, ನಡಿಗೆ ಅರ್ಧ ಗಂಟೆ. ಅವರು ಚಪಾತಿ ಲಟ್ಟಿಸುತ್ತಲೇ ಕೇಳಿ, “ಆ ಮುಕ್ಕಾಲು ತಾಸು ಯಾವ ಅಂಗಡ್ಯಾಗ ಸಿಗ್ತದ, ಅದನ್ನೂ ಹೇಳ್ರಿ,” ಎಂದರು.

ನಾವು ಉತ್ತರ ಕೊಡಲಿಲ್ಲ, ಕೊಡುವಂಥದಿರಲಿಲ್ಲ. ಓದಿದ ವರದಿಗಳಲ್ಲೆಲ್ಲ ನಿಮಿಷಗಳ ಲೆಕ್ಕವಿತ್ತು. ಆ ನಿಮಿಷಗಳು ಮನೆಯಲ್ಲಿ ಯಾರ ಪಾಲಿನಿಂದ ಬರುತ್ತವೆ ಎಂಬ ಲೆಕ್ಕವನ್ನು ನಾವು ಮಾಡಿರಲಿಲ್ಲ. ನಾವು ಸಂಜೆ ನಡೆಯಲು ಹೋದ ಅರ್ಧ ಗಂಟೆಯಲ್ಲಿ ಹುಡುಗನನ್ನು ನೋಡಿಕೊಂಡವರು ಯಾರು, ಪಾತ್ರೆ ತೊಳೆದವರು ಯಾರು? ನಮ್ಮ ಬೆನ್ನು ಸಡಿಲವಾದದ್ದು ಅವರ ಬೆನ್ನಿನ ಖರ್ಚಿನಲ್ಲಿ.

ಈಗ ನಮ್ಮ ಮನೆಯ ವ್ಯವಸ್ಥೆ ಬೇರೆಯಾಗಿದೆ. ಸಂಜೆ ಏಳರಿಂದ ಮುಕ್ಕಾಲು ಗಂಟೆ ಹುಡುಗನೂ ಪಾತ್ರೆಗಳೂ ನಮ್ಮ ಪಾಲು. ಶ್ರೀಮತಿಯವರು ಉರುಳೆ ಮುಗಿಸಿ ನಡೆಯಲು ಹೋಗುತ್ತಾರೆ. ನಾವು ಎರಡು ನಿಲ್ದಾಣ ಮುಂಚೆ ಇಳಿಯಲಾರೆವಾದರೂ, ಬೆಳಿಗ್ಗೆ ರಿಕ್ಷಾ ಬಿಟ್ಟು ನಿಲ್ದಾಣಕ್ಕೆ ನಡೆಯುತ್ತೇವೆ. ಕಛೇರಿಯಲ್ಲಿ ಗಂಟೆಗೊಮ್ಮೆ ಎದ್ದು, ಜವಾನನಿಗೆ ಹೇಳದೆ ಕಡತವನ್ನು ನಾವೇ ಒಯ್ದು ಕೊಡುತ್ತೇವೆ. ಅವರನ್ನೂ ಅದೇ ಚಿಕಿತ್ಸಕಿಯವರಿಗೆ ತೋರಿಸಿದ್ದಾಯಿತು. ನಾಲ್ಕು ವರ್ಷದ ನೋವು ನಾಲ್ಕು ತಿಂಗಳಲ್ಲಿ ಮಾಯವಾಗಿಲ್ಲ. ಆದರೆ ರಾತ್ರಿ ನಿದ್ರೆ ಬರುತ್ತದೆ, ಬೆಳಿಗ್ಗೆ ಮಂಚದಿಂದ ಪಕ್ಕಕ್ಕೆ ಹೊರಳದೆ ಏಳುತ್ತೇನೆ ಎನ್ನುತ್ತಾರೆ.

ವಾಚಕರಿಗೆ ಒಂದು ಎಚ್ಚರಿಕೆ ಹೇಳಿ ಮುಗಿಸುತ್ತೇವೆ. ಬೆನ್ನುನೋವಿನ ಜೊತೆಗೆ ಕಾಲು ಸೋತರೆ, ತೊಡೆಯ ಸಂದಿಯಲ್ಲಿ ಜೋಮು ಹಿಡಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಬಿದ್ದು ಪೆಟ್ಟಾದ ನೋವು — ಇವುಗಳಿಗೂ ಉರುಳೆ ಉತ್ತರವಲ್ಲ.

ಉಳಿದ ಬಿಗಿತಕ್ಕೆ ಉರುಳೆಯನ್ನು ಕೊಳ್ಳಿರಿ, ಕೊಳ್ಳದಿರಿ, ನಡೆಯುವುದನ್ನು ಬಿಡಬೇಡಿರಿ. ಇವತ್ತು ಮನೆಗೆ ಹೋದ ಮೇಲೆ, ಮನೆಯಲ್ಲಿ ಎಲ್ಲರಿಗಿಂತ ಕಡೆಗೆ ಮಲಗುವವರು ಯಾರೋ ಅವರ ಬೆನ್ನು ಹೇಗಿದೆಯೆಂದು ಒಮ್ಮೆ ಕೇಳಿರಿ. ಬಾಮ್ ತರುವ ಮೊದಲು ಅವರಿಗೆ ಅರ್ಧ ಗಂಟೆ ಬಿಡುವು ಮಾಡಿಕೊಡಿರಿ.